ಬಿಸಿ ಊರಿನ ಗಾಜಿನ ಮನೆ

ಕನ್ನಡಕ ಹಾಕುವವರು ಸಿಂಗಪುರದ ‘ಗಾರ್ಡನ್ಸ್ ಬೈ ದ ಬೇ’ಗೆ ಹೋದರೆ ಜೇಬಲ್ಲೊಂದು ಕರವಸ್ತ್ರ ಇಟ್ಟುಕೊಳ್ಳಿ. ಅಲ್ಲಿನ ತಂಪು ಗಾಜಿನ ಮನೆ ಫ್ಲವರ್ ಡೋಮ್‌ನಲ್ಲಿ ಒಂದು ಗಂಟೆ ಸುತ್ತಾಡಿ ಹೊರಗೆ ಕಾಲಿಟ್ಟೆ, ಕಣ್ಣ ಮುಂದೆ ಎಲ್ಲ ಬೆಳ್ಳಗೆ! ಹೊರಗಿನ ಗಾಳಿಯಲ್ಲಿದ್ದ ನೀರು ತಣ್ಣನೆಯ ಗಾಜಿಗೆ ತಾಗಿದ್ದೇ ತಡ, ಹನಿಯಾಗಿ ಕೂತುಬಿಟ್ಟಿತ್ತು. ಈ ತೋಟ ಕಟ್ಟಿದವರಿಗೆ ಇದ್ದ ತಲೆನೋವು ಎಂಥದ್ದು ಅಂತ ಹೊಳೆದಿದ್ದು ಆಗಲೇ.

ಗಾಜಿನ ಮನೆ ಮೂಲತಃ ಚಳಿ ದೇಶದವರ ಉಪಾಯ. ಬಿಸಿಲು ಒಳಗೆ ಬರಬೇಕು, ಬಿಸಿ ಹೊರಗೆ ಹೋಗಬಾರದು. ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ಬಿಸಿ ನಾಡಿನ ತಾಳೆ ಮರಗಳು ಬದುಕಿರುವುದು ಹೀಗೆ. 1889ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಲಾಲ್‌ಬಾಗ್ ಗಾಜಿನ ಮನೆಗೆ ಆ ಕೆಲಸವೇ ಇಲ್ಲ. ಅದು ಫಲಪುಷ್ಪ ಪ್ರದರ್ಶನಕ್ಕೆ ಹಾಕಿದ ಚೆಂದದ ಚಪ್ಪರ, ಅಷ್ಟೇ. 2012ರಲ್ಲಿ ತೆರೆದ ಸಿಂಗಪುರದ್ದು ಪೂರಾ ಉಲ್ಟಾ. ಸಮಭಾಜಕ ವೃತ್ತದ ಪಕ್ಕದಲ್ಲೇ ಇರುವ ಊರಲ್ಲಿ, ಹೊರಗೆ ಬೆವರು ಸುರಿಯುತ್ತಿದ್ದರೆ ಒಳಗೆ 23ರಿಂದ 25 ಡಿಗ್ರಿ.

ತಂಪು ಜನರಿಗಾಗಿ ಅಲ್ಲ, ಆಲಿವ್‌ನಂಥ ಮೆಡಿಟರೇನಿಯನ್ ಗಿಡಗಳಿಗಾಗಿ. ಗಿಡ ಹಗಲು ಸಕ್ಕರೆ ಮಾಡುತ್ತದೆ, ಉಸಿರಾಡುತ್ತಾ ಅದರಲ್ಲಿ ಒಂದಿಷ್ಟು ಖರ್ಚು ಮಾಡುತ್ತದೆ. ರಾತ್ರಿಯೂ ಸೆಕೆ ಇದ್ದರೆ ಆ ಖರ್ಚು ಜಾಸ್ತಿ. ಗಳಿಕೆ ಹಗಲು ಮಾತ್ರ, ಖರ್ಚು ಹಗಲೂ ರಾತ್ರಿ. ಜೊತೆಗೆ ಒದ್ದೆ ಗಾಳಿ ಎಂದರೆ ಬೂಷ್ಟಿಗೆ ಹಬ್ಬ.

ಹಾಗಂತ ಗೋಡೆ ಕಟ್ಟಿ ಎಸಿ ಹಾಕುವಂತಿಲ್ಲ, ಗಿಡಕ್ಕೆ ಬೆಳಕು ಬೇಕಲ್ವಾ? ಅದಕ್ಕೆ ಗಾಜಿಗೆ ವಿಶೇಷ ಲೇಪನ. ಬೆಳಕು ಸುಮಾರು ಶೇ. 65ರಷ್ಟು ಒಳಗೆ ಬರುತ್ತದೆ, ಬಿಸಿಲಿನ ಶಾಖ ಶೇ. 35ರಷ್ಟೇ. ಬಿಸಿಲು ಏರಿದರೆ ಹಾಯಿಯಂಥ ಪರದೆಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ನೆಲದಡಿಯ ಕೊಳವೆಗಳಲ್ಲಿ ತಣ್ಣೀರು ಹರಿಯುತ್ತದೆ. ಬಿಸಿ ಗಾಳಿ ಮೇಲೇರುವುದು ಅದರ ಗುಣ. 38 ಮೀಟರ್ ಎತ್ತರದ ಸೂರಿನಡಿ ಅದು ಮೇಲೆಯೇ ಇರಲಿ ಎಂದು ಬಿಟ್ಟು, ಗಿಡ ಮತ್ತು ಜನ ಇರುವ ಕೆಳಭಾಗವನ್ನು ಮಾತ್ರ ತಂಪು ಮಾಡುತ್ತಾರೆ. ಜಿಪುಣತನ ಅನ್ನಿ, ನನಗೆ ಬಹಳ ಹಿಡಿಸಿತು.

ಇನ್ನು ನನ್ನ ಕನ್ನಡಕದ ವಿಷಯ. ಎಸಿಯ ಕರೆಂಟಿನಲ್ಲಿ ದೊಡ್ಡ ಪಾಲು ಗಾಳಿಯ ನೀರನ್ನು ಹಿಂಡುವುದಕ್ಕೇ ಹೋಗುತ್ತದೆ. ಇಲ್ಲಿ ಆ ಕೆಲಸಕ್ಕೆ ಒಂದು ದ್ರವ ಇದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೂರುತ್ತದಲ್ಲ, ಅದೇ ಗುಣ. ಒಳಬರುವ ಗಾಳಿಯ ತೇವವನ್ನು ಅದು ಮೊದಲೇ ಹೀರಿಕೊಳ್ಳುತ್ತದೆ. ಒಣಗಿದ ಗಾಳಿಯನ್ನು ತಂಪು ಮಾಡುವುದು ಸುಲಭ. ಒದ್ದೆಯಾದ ದ್ರವವನ್ನು ಕಾಯಿಸಿದರೆ ನೀರು ಹಾರಿಹೋಗಿ ಮತ್ತೆ ಕೆಲಸಕ್ಕೆ ತಯಾರು.

ಕಾಯಿಸುವ ಶಾಖ? ಊರಿನ ಮರ ಸವರಿದಾಗ ಸಿಗುವ ರೆಂಬೆಕೊಂಬೆಗಳನ್ನು ಉರಿಸಿ ಕರೆಂಟು ಮಾಡುತ್ತಾರೆ, ಮಿಕ್ಕ ಶಾಖ ಈ ದ್ರವಕ್ಕೆ. ಬೆಂಕಿ ಹಾಕಿ ತಂಪು ಮಾಡುವುದು ಅಂದರೆ ಇದೇ!

ಪಕ್ಕದ ಇನ್ನೊಂದು ಗಾಜಿನ ಮನೆ ಕ್ಲೌಡ್ ಫಾರೆಸ್ಟ್‌ನದು ಬೇರೆ ಕಥೆ. ಅಲ್ಲಿ ತಂಪೂ ಬೇಕು, ತೇವವೂ ಬೇಕು. 35 ಮೀಟರ್ ಕೃತಕ ಬೆಟ್ಟ, ಜಲಪಾತ, ಹೊತ್ತುಹೊತ್ತಿಗೆ ಮಂಜು. ಕುದುರೆಮುಖದ ಶೋಲಾ ಕಾಡು ಹೊಕ್ಕವರಿಗೆ ಆ ಹಾವಸೆ ವಾಸನೆ ತಟ್ಟನೆ ನೆನಪಾಗುತ್ತದೆ.

ಹೊರಗೆ ಲೋಹದ ದೈತ್ಯ ‘ಸೂಪರ್‌ಟ್ರೀ’ಗಳ ಕೆಳಗೆ ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದರು. ಅವುಗಳಲ್ಲೊಂದು ಆ ಒಲೆಯ ಹೊಗೆಕೊಳವೆಯಂತೆ. ಕನ್ನಡಕ ಒರೆಸಿ ಕತ್ತೆತ್ತಿ ನೋಡಿದೆ. ಯಾವುದು ಅಂತ ಗೊತ್ತಾಗಲಿಲ್ಲ.