ಖಿನ್ನತೆ ಗುಣವಾದ ಮೇಲೂ ಮಾತ್ರೆ ಯಾಕೆ, ಮಾತು ಯಾಕೆ?

ಶಿರಸಿಯ ತೋಟದ ಮನೆಗಳಲ್ಲಿ ಬೆಳೆದವರಿಗೆ ಕೊಳೆ ರೋಗದ ಬಗ್ಗೆ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗೆ (ಗೊನೆಗೆ) ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಸುತ್ತೇವೆ. ಸುಮಾರು 40–45 ದಿನ ಕಳೆದ ಮೇಲೆ ಮತ್ತೊಂದು ಸಲ. ಕೊನೆ ಚೆನ್ನಾಗಿಯೇ ಇದೆಯಲ್ಲ ಅಂತ ಎರಡನೇ ಸಲ ಬಿಟ್ಟರೆ ಕಾಯಿ ಉದುರುತ್ತದೆ. ಔಷಧಿ ಹೊಡೆಸಿದರೂ ತೋಟದಲ್ಲಿ ನೀರು ನಿಲ್ಲದ ಹಾಗೆ ಕಾಲುವೆ ಬಿಡಿಸಲೇಬೇಕು. ಖಿನ್ನತೆ ಮರುಕಳಿಸದಂತೆ ತಡೆಯುವ ಪಾಠ ಓದುವಾಗ ನನಗೆ ನೆನಪಾಗಿದ್ದು ಇದೇ.

ಒಮ್ಮೆ ಖಿನ್ನತೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಮತ್ತೆ ಬರುತ್ತದೆ. ಎರಡು ಸಲ ಬಂದಿದ್ದರೆ ಸಾಧ್ಯತೆ ಇನ್ನೂ ಜಾಸ್ತಿ. ಹಾಗಾಗಿ ಗುಣವಾದ ಮೇಲಿನ ತಿಂಗಳುಗಳೂ ಚಿಕಿತ್ಸೆಯ ಭಾಗವೇ.

ಸರ್ಟ್ರಲಿನ್, ಎಸ್ಸಿಟಲೋಪ್ರಾಮ್‌ನಂಥ ಖಿನ್ನತೆಯ ಮಾತ್ರೆಗಳ ಗುಣ ಕಾಣಲು 2ರಿಂದ 4 ವಾರ ಬೇಕು. ವಾಕರಿಕೆ, ತಲೆನೋವು ಮಾತ್ರ ಮೊದಲ ವಾರವೇ ಬರಬಹುದು. ಎಷ್ಟೋ ಜನ ಮಾತ್ರೆ ಬಿಡುವುದು ಅಲ್ಲೇ. ಈ ಶುರುವಿನ ವಾರಗಳಲ್ಲಿ, ಅದರಲ್ಲೂ 25 ವರ್ಷದೊಳಗಿನವರಲ್ಲಿ, ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳುತ್ತಿರಬೇಕು. ಅಂಥ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹಾಸಿಗೆಯಿಂದ ಏಳಲೂ ಆಗದವರಿಗೆ ಮಾತ್ರೆ ಸ್ವಲ್ಪ ಬಲ ಕೊಡುತ್ತದೆ. ಆಮೇಲೆ ಮಾತಿನ ಚಿಕಿತ್ಸೆಯಲ್ಲಿ (ಸೈಕೋಥೆರಪಿ) ಹೇಳಿಕೊಟ್ಟದ್ದನ್ನು ಮಾಡಿ ನೋಡಲು ಸಾಧ್ಯವಾಗುತ್ತದೆ. ಖಿನ್ನತೆ ತೀರಾ ಕಡಿಮೆ ಇದ್ದರೆ ಮಾತಷ್ಟೇ ಸಾಕಾಗಬಹುದು. ಬಹಳ ಕಾಲದಿಂದ ಕಾಡುತ್ತಿದ್ದರೆ ಎರಡೂ ಸೇರಿದಾಗಿನ ವ್ಯತ್ಯಾಸ ದೊಡ್ಡದು. 2000ರಲ್ಲಿ ಪ್ರಕಟವಾದ, 681 ಜನರ ಒಂದು ಅಮೆರಿಕನ್ ಅಧ್ಯಯನ ನೋಡಿ. 12 ವಾರದಲ್ಲಿ ಬರೀ ಔಷಧಿಯಿಂದ ಸುಧಾರಿಸಿದವರು ಶೇ. 48. ಬರೀ ಮಾತಿನಿಂದಲೂ ಶೇ. 48. ಎರಡೂ ಸಿಕ್ಕವರಲ್ಲಿ ಶೇ. 73! ಅಲ್ಲಿ ಕೊಟ್ಟ ನೆಫಜೊಡೋನ್ ಎಂಬ ಔಷಧಿ ಲಿವರಿಗೆ ಅಪಾಯ ಎಂದು ಮುಂದೆ ಎಷ್ಟೋ ದೇಶಗಳಲ್ಲಿ ನಿಂತುಹೋಯಿತು. ಇದನ್ನೂ ಬರೆದಿಟ್ಟುಕೊಳ್ಳಿ.

ಮಾತಿನ ಚಿಕಿತ್ಸೆ ಮರುಕಳಿಕೆ ತಡೆಯುವುದು ಹೇಗೆ? ಕಾರವಾರದ ಬೈತಖೋಲ್ ಬಂದರಿನ ಒಬ್ಬ ಬೋಟ್ ಕೆಲಸಗಾರ ಅಂದುಕೊಳ್ಳಿ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ದುಡಿಮೆಯಿಲ್ಲ, ಹೊರಗೆ ಬಿಡದ ಮಳೆ. ಹಿಂದಿನ ಎರಡು ಸಲವೂ ಖಿನ್ನತೆ ಶುರುವಾಗಿದ್ದು ಆಗಲೇ. ಆತ 'ಬೇಸರ' ಅನ್ನುವುದಿಲ್ಲ, 'ಮೈಕೈ ನೋವು, ನಿದ್ದೆಯಿಲ್ಲ' ಅನ್ನುತ್ತಾನೆ. ಚೆನ್ನಾಗಿರುವ ಮೇ ತಿಂಗಳಲ್ಲೇ ಅವನ ಜೊತೆ ಕೂತು ಅವನದೇ ಗುರುತುಗಳನ್ನು ಬರೆಸಬೇಕು: ಬೆಳಗಿನ ಮೂರಕ್ಕೇ ಎಚ್ಚರ, ಫೋನ್ ತೆಗೆಯದಿರುವುದು, ಬಲೆ ರಿಪೇರಿಗೆ ಹೋಗದಿರುವುದು. ಇದನ್ನು ಮೊದಲು ಗಮನಿಸುವುದು ಹೆಂಡತಿ. ಹಾಗಾಗಿ ಅವನು ಒಪ್ಪಿದರೆ ಅವಳನ್ನೂ ಕೂರಿಸಿಕೊಳ್ಳಿ. ದಿನಕ್ಕೆ ಒಂದು ತಾಸಾದರೂ ಬಲೆ ಕೆಲಸಕ್ಕೆ ಹೋಗುವುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಬೇಕು, ಮನಸ್ಸು ಬರಲಿ ಅಂತ ಕಾಯಬಾರದು. 'ನನ್ನಿಂದ ಮನೆಗೆ ಭಾರ' ಎಂಬ ಯೋಚನೆ ಬಂದಾಗ ಅದು ನಿಜವಾ ಎಂದು ಪರೀಕ್ಷಿಸಲು ಕಲಿಸುವುದೇ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಮಾತಿನ ಚಿಕಿತ್ಸೆ. ಅವನ ಮನೆಮಾತು ಕೊಂಕಣಿಯಾದರೆ ಈ ಮಾತುಕತೆ ಕೊಂಕಣಿಯಲ್ಲೇ ಆಗಲಿ. ಎರಡನೇ ಭಾಷೆಯಲ್ಲಿ ಮನಸ್ಸು ಪೂರ್ತಿ ಬಿಚ್ಚುವುದು ಕಷ್ಟ, ಅಲ್ವಾ?

ಮಾತ್ರೆ ಎಷ್ಟು ದಿನ? ಪೂರ್ತಿ ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು, ಅದೇ ಡೋಸ್. ಇವನ ಹಾಗೆ ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಅದೂ ಜೂನ್‌ನಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗಬಹುದು. ಇದನ್ನು ಖಿನ್ನತೆ ಮರಳಿತು ಎಂದು ತಪ್ಪಾಗಿ ತಿಳಿಯುವುದುಂಟು. ಮಾತ್ರೆ ಬಿಟ್ಟದ್ದರಿಂದ ಆಗುವ ತೊಂದರೆ ಹೆಚ್ಚಾಗಿ ಕೆಲವೇ ದಿನಗಳಲ್ಲಿ ಕಾಣುತ್ತದೆ. ಖಿನ್ನತೆ ಮರಳುವುದು ಸಾಮಾನ್ಯವಾಗಿ ವಾರಗಟ್ಟಲೆ ಮೆಲ್ಲಗೆ, ಮೇ ತಿಂಗಳಲ್ಲಿ ಬರೆಸಿಟ್ಟ ಆ ಗುರುತುಗಳೇ ಒಂದೊಂದಾಗಿ.