ಒಂದು ಕಿಲೋಮೀಟರ್ ಎಂದ ಆರ್‌ಎಸ್‌ಯು ಇನ್ನೂರು ಮೀಟರಿಗೇ ಏಕೆ ಕೈಕೊಡುತ್ತದೆ?

ಪ್ರಶ್ನೆ: ಸಿಗ್ನಲ್ ಕಂಬದ ಮೇಲೆ 6 ಮೀಟರ್ ಎತ್ತರದಲ್ಲಿ, ದೀಪದ ಸ್ಥಿತಿಯನ್ನು ಕಾರುಗಳಿಗೆ ರೇಡಿಯೊದಲ್ಲಿ ಸಾರುವ ಆರ್‌ಎಸ್‌ಯು ಕೂರಿಸಿದ್ದೇವೆ. ಕಂಪನಿಯ ಕಾಗದದಲ್ಲಿ ವ್ಯಾಪ್ತಿ 1 ಕಿ.ಮೀ. ಎಂದಿದೆ. ಕಾರಿನಲ್ಲಿ ಸಿಗ್ನಲ್‌ನತ್ತ ಬರುವಾಗ ಸುಮಾರು 350 ಮೀಟರಿನಲ್ಲಿ ಒಮ್ಮೆ, 180 ಮೀಟರಿನಲ್ಲಿ ಇನ್ನೊಮ್ಮೆ ಸಂದೇಶ ನಿಂತುಹೋಗುತ್ತದೆ, ನಡುವೆ ಸರಾಗ. ಉಪಕರಣ ಕೆಟ್ಟಿದೆಯೇ, ಅಥವಾ ನಾವು ಪರೀಕ್ಷೆಯನ್ನೇ ತಪ್ಪಾಗಿ ಮಾಡುತ್ತಿದ್ದೇವೆಯೇ?

ಉತ್ತರ: ರಸ್ತೆಬದಿಯ ಈ ರೇಡಿಯೊ ಪೆಟ್ಟಿಗೆ ಕೆಟ್ಟಿರುವ ಸಾಧ್ಯತೆ ಕಡಿಮೆ. ನೀವು ಕೊಟ್ಟ ಎರಡು ಅಂಕಿಗಳೇ ಕಾರಣ ಹೇಳುತ್ತಿವೆ. ಕಂಬದಿಂದ ಹೊರಟ ತರಂಗ ಕಾರನ್ನು ನೇರವಾಗಿಯೂ ಮುಟ್ಟುತ್ತದೆ, ಡಾಂಬರಿಗೆ ಬಡಿದು ಪುಟಿದೂ ಮುಟ್ಟುತ್ತದೆ. ಪುಟಿಯುವಾಗ ಅದು ತಲೆಕೆಳಗಾಗುತ್ತದೆ. ಹೀಗಾಗಿ ಎರಡು ದಾರಿಗಳ ಉದ್ದದ ವ್ಯತ್ಯಾಸ ಪೂರ್ತಿ ಒಂದು ತರಂಗದೂರ, ಎರಡು ತರಂಗದೂರ ಆದ ಕಡೆಯಲ್ಲೆಲ್ಲ ಅವು ಒಂದನ್ನೊಂದು ಅಳಿಸಿಹಾಕುತ್ತವೆ. 5.9 ಗಿಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 5.08 ಸೆಂ.ಮೀ. ಕಾರಿನ ಮಾಡಿನ ಮೇಲಿನ ಆಂಟೆನಾ ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, 2 × 6 × 1.5 ÷ 0.0508 = 354 ಮೀಟರ್. ಸಿಗ್ನಲ್ ಬಲ ಹೀಗೆ ಕುಸಿಯುವ ಮೊದಲ ಗುಂಡಿ ಅಲ್ಲಿ. ಅದರ ಅರ್ಧ 177ರಲ್ಲಿ ಎರಡನೆಯದು, ಮೂರನೇ ಒಂದು ಭಾಗವಾದ 118ರಲ್ಲಿ ಮೂರನೆಯದು.

ಲೆಕ್ಕ ನಂಬದಿದ್ದರೆ ಕಾರು ಬದಲಿಸಿ ನೋಡಿ. ಮಾಡು 1.8 ಮೀಟರ್ ಇರುವ ಎಸ್‌ಯುವಿಯಲ್ಲಿ ಅದೇ ರಸ್ತೆಯಲ್ಲಿ ಬಂದರೆ ಗುಂಡಿಗಳು 425 ಮತ್ತು 213 ಮೀಟರಿಗೆ ಸರಿಯಬೇಕು. ಸರಿದರೆ ಅದು ನೆಲದ ಕೆಲಸ. ಇದ್ದಲ್ಲೇ ಇದ್ದರೆ ಆ ಜಾಗದಲ್ಲಿ ಮರವೋ ಫಲಕವೋ ಅಡ್ಡ ನಿಂತಿದೆ.

ಆದರೆ ಇಲ್ಲಿಗೇ ಬಿಡಬೇಡಿ. ಗುಂಡಿಯಲ್ಲಿ ಸಿಗ್ನಲ್ ಬಲ ಕುಸಿಯುವುದು ಸಹಜ, ಸಂದೇಶವೇ ತಪ್ಪುವುದು ಬೇರೆ ಮಾತು. ಲೆಕ್ಕ ಹೀಗಿದೆ (ಡಿಬಿ ಎಂಬುದು ಬಲದ ಏರಿಳಿತದ ಅಳತೆ, 10 ಡಿಬಿ ಎಂದರೆ ಹತ್ತು ಪಟ್ಟು; ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಬಲ): ರೇಡಿಯೊದಿಂದ 23 ಡಿಬಿಎಂ, ಕಂಬದ ಕೇಬಲ್‌ನಲ್ಲಿ 2 ಡಿಬಿ ನಷ್ಟ, ಕಂಬದ ಆಂಟೆನಾದಿಂದ 6 ಡಿಬಿ ಲಾಭ, 350 ಮೀಟರ್ ಗಾಳಿಯಲ್ಲಿ ಸುಮಾರು 99 ಡಿಬಿ ನಷ್ಟ, ಕಾರಿನ ಆಂಟೆನಾದಿಂದ 3 ಡಿಬಿ ಲಾಭ, ಕಾರಿನೊಳಗಿನ ತೆಳು ಕೇಬಲ್ ಮೀಟರಿಗೆ ಹತ್ತಿರಹತ್ತಿರ 1 ಡಿಬಿಯಂತೆ ತಿನ್ನುವುದು 3. ಕೊನೆಗೆ ಒಳಬರುವುದು ಸುಮಾರು −72 ಡಿಬಿಎಂ. ನಿಮ್ಮ ರಿಸೀವರ್ −92ರವರೆಗೆ ಓದಬಲ್ಲದಾದರೆ ಕೈಯಲ್ಲಿ 20 ಡಿಬಿ ಮಿಗುತ್ತದೆ, 177 ಮೀಟರಿನಲ್ಲಿ 26. ಮಟ್ಟಸ ಡಾಂಬರಿನ ಗುಂಡಿ 20 ಡಿಬಿಯವರೆಗೂ ನುಂಗಬಹುದು. ಹಾಗಾಗಿ 350ರಲ್ಲಿ ತಪ್ಪಿದರೆ ಆಶ್ಚರ್ಯವಿಲ್ಲ. 177ರಲ್ಲೂ ತಪ್ಪುತ್ತಿದೆ ಎಂದರೆ ಮತ್ತೇನೋ ಆರೇಳು ಡಿಬಿ ಕದಿಯುತ್ತಿದೆ. ಮೊದಲು ಅನುಮಾನಿಸಬೇಕಾದದ್ದು ಕನೆಕ್ಟರ್‌ಗಳನ್ನು. ಸಡಿಲ ತಿರುಪು, ಮಳೆನೀರು ಇಳಿದ ಜೋಡಣೆ, ಡ್ಯಾಶ್‌ಬೋರ್ಡ್ ಹಿಂದೆ ಸುರುಳಿ ಸುತ್ತಿಟ್ಟ ಐದು ಮೀಟರ್ ಹೆಚ್ಚುವರಿ ಕೇಬಲ್. ಕಂಪನಿಯ 1 ಕಿ.ಮೀ. ಸುಳ್ಳೇನಲ್ಲ, ಬಯಲಿನಲ್ಲಿ ಇದೇ ಲೆಕ್ಕ 1 ಕಿ.ಮೀ.ಗೆ ಇನ್ನೂ 11 ಡಿಬಿ ಉಳಿಸುತ್ತದೆ. ನಿಮ್ಮ ರಸ್ತೆ ಬಯಲಲ್ಲ, ಅಷ್ಟೇ. ಕಾರಿನ ಮುಂದೆ ಬಂದು ನಿಂತ ಒಂದು ಬಸ್ಸು 10ರಿಂದ 20 ಡಿಬಿ ತಿನ್ನುತ್ತದೆ. 5.9 ಗಿಗಾಹರ್ಟ್ಸ್‌ನಲ್ಲಿ ಮಳೆಯಿಂದ ನಷ್ಟ ಇಲ್ಲವೆನ್ನುವಷ್ಟು ಕಡಿಮೆ, ಮಳೆಯಲ್ಲಿ ನೆಂದ ದಟ್ಟ ಎಲೆಗಳಿಂದ ಹಾಗಲ್ಲ.

ರೇಡಿಯೊದ ಮೇಲಿನ ಅನುಮಾನವನ್ನು ಮೇಜಿನ ಮೇಲೆಯೇ ತೀರಿಸಿಕೊಂಡು ರಸ್ತೆಗಿಳಿಯಿರಿ. ಎರಡೂ ಪೆಟ್ಟಿಗೆಗಳ ಆಂಟೆನಾ ಬಿಚ್ಚಿ, ನಡುವೆ 30 ಡಿಬಿಯ ಎರಡು ಅಟೆನ್ಯುಯೇಟರ್ (ಸಿಗ್ನಲ್ ಬಲ ತಗ್ಗಿಸುವ ತುಂಡು) ಮತ್ತು ಒಂದು ಡಿಬಿಯಂತೆ ತಿರುಗಿಸಬಹುದಾದ ಇನ್ನೊಂದನ್ನು ಹಾಕಿ. ಅಟೆನ್ಯುಯೇಟರ್ ಇಲ್ಲದೆ ನೇರ ಕೇಬಲ್ ಜೋಡಿಸಿದರೆ ರಿಸೀವರ್ ಸುಟ್ಟೀತು. ಒಂದೊಂದು ಹಂತದಲ್ಲೂ 1000 ಸಂದೇಶ ಕಳಿಸಿ, ಸೆಕೆಂಡಿಗೆ 10ರ ಲೆಕ್ಕದಲ್ಲಿ 100 ಸೆಕೆಂಡು ಹಿಡಿಯುತ್ತದೆ. ನೂರರಲ್ಲಿ ಹತ್ತು ತಪ್ಪಲು ಶುರುವಾದ ಮಟ್ಟವೇ ನಿಮ್ಮ ರಿಸೀವರ್‌ನ ನಿಜವಾದ ಮಿತಿ. ಅಲ್ಲಿಗೆ ತಲುಪಲು ಒಟ್ಟು 115 ಡಿಬಿ ತಗ್ಗಿಸಬೇಕಾಗುತ್ತದೆ. ಅಷ್ಟು ತಗ್ಗಿಸಿದಾಗ ಕೇಬಲ್ ಬಿಟ್ಟು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಗಾಳಿಯಲ್ಲೇ ಸೋರುವ ಸಿಗ್ನಲ್ ಹೆಚ್ಚಾಗುತ್ತದೆ, ರಿಸೀವರ್ ಇಲ್ಲದ ಜಾಣತನ ತೋರಿಸುತ್ತದೆ. ಒಂದನ್ನಾದರೂ ರೇಡಿಯೊ ತರಂಗ ತಡೆಯುವ ಶೀಲ್ಡ್ ಪೆಟ್ಟಿಗೆಯೊಳಗೆ ಇಡಲೇಬೇಕು. ಸಿ-ವಿ2ಎಕ್ಸ್ (ಮೊಬೈಲ್ ಫೋನಿನ ತಂತ್ರಜ್ಞಾನ ಬಳಸುವ ವಾಹನ ರೇಡಿಯೊ) ಉಪಕರಣವಾದರೆ ಇನ್ನೊಂದು ತೊಡಕು: ಅದು ಸಾಮಾನ್ಯವಾಗಿ ಉಪಗ್ರಹದ ಸಮಯಕ್ಕೆ ಹೊಂದಿಕೊಂಡು ಪ್ರಸಾರ ಮಾಡುವಂಥದು, ಜಿಪಿಎಸ್ ಸಿಗದ ಕೋಣೆಯಲ್ಲಿ ಬಾಯಿಯೇ ಬಿಡದು. ಕಿಟಕಿಯಾಚೆಗೆ ಜಿಪಿಎಸ್ ಆಂಟೆನಾ ಎಳೆಯಿರಿ.

ರಸ್ತೆಯಲ್ಲಿ ಅಳೆಯುವ ಮುನ್ನ, ಎಷ್ಟು ದೂರ ಬೇಕು ಎಂಬುದನ್ನು ವೇಗದಿಂದ ತೆಗೆಯಿರಿ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಚಾಲಕ ಎಚ್ಚೆತ್ತುಕೊಳ್ಳಲು ಒಂದೂವರೆ ಸೆಕೆಂಡಿನಲ್ಲಿ 33 ಮೀಟರ್, ಬ್ರೇಕ್ ಹಿಡಿದು ನಿಲ್ಲಲು ಸುಮಾರು 49. ಕೆಂಪು ದೀಪದ ಎಚ್ಚರಿಕೆ ಏನೇ ಆದರೂ 85 ಮೀಟರಿಗೆ ಮುಂಚೆ ಬರಬೇಕು, ಒದ್ದೆ ರಸ್ತೆಗೆ 120 ಇಟ್ಟುಕೊಳ್ಳುವುದು ಒಳ್ಳೆಯದು. ಆ ಲೆಕ್ಕದಲ್ಲಿ ನಿಮ್ಮ 350 ಮೀಟರಿನ ಗುಂಡಿ ಯಾರಿಗೂ ತೊಂದರೆ ಕೊಡದು. 177ರದ್ದನ್ನೂ 118ರದ್ದನ್ನೂ ಮಾತ್ರ ಬಿಡುವಂತಿಲ್ಲ.

ಓಡಿಸುವಾಗ ಪ್ರತಿ ದಿಕ್ಕಿನಿಂದಲೂ, ಪ್ರತಿ ಲೇನಿನಲ್ಲೂ ಹತ್ತು ಸಲ ಬನ್ನಿ. 80ರ ವೇಗದಲ್ಲಿ 20 ಮೀಟರಿಗೆ 9 ಸಂದೇಶ ಸಿಗುತ್ತವೆ, ಹತ್ತು ಓಟಕ್ಕೆ 90. ಒಂದೇ ಓಟದ 9 ಸಂದೇಶದ ಮೇಲೆ ಶೇಕಡಾವಾರು ಬರೆಯುವುದು ತಮಾಷೆ. ಡಾಪ್ಲರ್ (ಕಾರಿನ ವೇಗದಿಂದ ತರಂಗದ ಹರ್ಟ್ಸ್‌ನಲ್ಲಿ ಆಗುವ ವ್ಯತ್ಯಾಸ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ: ಈ ವೇಗಕ್ಕೆ ಅದು 440 ಹರ್ಟ್ಸ್ ಸುಮಾರು, ವೈ-ಫೈ ಮಾದರಿಯ ವಾಹನ ರೇಡಿಯೊ 802.11ಪಿಯ ಉಪವಾಹಕಗಳ (ಸಂದೇಶವನ್ನು ಹಂಚಿಕೊಂಡು ಹೊರುವ ಕಿರು ತರಂಗಗಳ) ನಡುವೆ 156 ಕಿಲೋಹರ್ಟ್ಸ್ ಅಂತರವಿದೆ. ವರದಿಯಲ್ಲಿ ಸರಾಸರಿಗಿಂತ ಅತಿ ಉದ್ದದ ಮೌನಕ್ಕೆ ಬೆಲೆ ಕೊಡಿ. 30 ಸೆಕೆಂಡಿನ 300 ಸಂದೇಶಗಳಲ್ಲಿ 30 ತಪ್ಪಿದರೆ ಶೇ. 10. ಚದುರಿ ತಪ್ಪಿದರೆ ವಾಹನಕ್ಕೆ ಗೊತ್ತೇ ಆಗದು. ಒಟ್ಟಿಗೆ ತಪ್ಪಿದರೆ ಮೂರು ಸೆಕೆಂಡು, 67 ಮೀಟರ್ ಕುರುಡು. ಈ ಪ್ರಸಾರಕ್ಕೆ ಸ್ವೀಕೃತಿ ಎಂಬುದಿಲ್ಲ, ತಪ್ಪಿದ್ದು ಕಂಬಕ್ಕೆ ತಿಳಿಯುವುದೇ ಇಲ್ಲ.

ಎಣಿಸುವುದರಲ್ಲೂ ಮೋಸ ಹೋಗುವವರಿದ್ದಾರೆ. ವಾಹನ ತನ್ನ ಸ್ಥಾನ, ವೇಗ ತಿಳಿಸಲು ಕಳಿಸುವ ಬಿಎಸ್‌ಎಂನ ಕ್ರಮಸಂಖ್ಯೆ 127ರ ನಂತರ ಮತ್ತೆ 0. ಸಾಲಾಗಿ 128 ಸಂದೇಶ ತಪ್ಪಿದರೂ ಸಂಖ್ಯೆ ನೋಡಿದವರಿಗೆ ಒಂದೂ ತಪ್ಪಿದಂತೆ ಕಾಣುವುದಿಲ್ಲ. ಚೌಕದ ಲೇನುಗಳ ನಕ್ಷೆ ಹೊತ್ತ ಮ್ಯಾಪ್ ಸಂದೇಶದ ಸಂಖ್ಯೆಯಂತೂ ನಕ್ಷೆ ಬದಲಾಗುವವರೆಗೆ ಬದಲಾಗುವುದೇ ಇಲ್ಲ. ಕಂಬದ ಕಡೆಯ ಲಾಗ್ ಮತ್ತು ಕಾರಿನ ಲಾಗ್ ಎರಡನ್ನೂ ಸಮಯದ ಮೇಲೆ ಹೊಂದಿಸುವುದೊಂದೇ ದಾರಿ.

ಮ್ಯಾಪ್ ಬಗ್ಗೆ ಇನ್ನೊಂದು ಮಾತು. ದೀಪದ ಸ್ಥಿತಿ ಹೇಳುವ ಸ್ಪ್ಯಾಟ್ ಚಿಕ್ಕದು, ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಹೋಗುತ್ತದೆ. ಮ್ಯಾಪ್ ದೊಡ್ಡದು, ಸೆಕೆಂಡಿಗೆ ಒಂದೇ ಸಲ. ದೊಡ್ಡ ಪ್ಯಾಕೆಟ್ ಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಬೇಗ ಕೆಡುತ್ತದೆ. ಸ್ಪ್ಯಾಟ್ 300 ಮೀಟರಿಗೂ ಬಂದು, ಮ್ಯಾಪ್ 120ಕ್ಕೆ ಬಂದರೆ ನಿಮ್ಮ ವ್ಯಾಪ್ತಿ 120 ಎಂದೇ ಬರೆಯಿರಿ. ಯಾವ ಲೇನಿಗೆ ಯಾವ ದೀಪ ಎಂದು ತಿಳಿಯದ ಕಾರಿಗೆ ಬಣ್ಣ ತಿಳಿದು ಪ್ರಯೋಜನವಿಲ್ಲ. ಉಪಗ್ರಹ ಚಿತ್ರ ನೋಡಿ ಗುರುತಿಸಿದ ನಕ್ಷೆ ಎರಡು ಮೂರು ಮೀಟರ್ ಪಕ್ಕಕ್ಕೆ ಸರಿದಿರುವುದೂ ಉಂಟು. ಲೇನಿನ ಅಗಲವೇ ಮೂರೂವರೆ ಮೀಟರ್, ಬಲತಿರುವಿನ ಹಸಿರು ನೇರ ಹೋಗುವವರಿಗೆ ಕಾಣಿಸಿಕೊಂಡೀತು.

ಸಂದೇಶ ಬರುತ್ತಿಲ್ಲ ಎಂದು ಪರದೆ ಹೇಳಿದರೆ, ಎಲ್ಲಿ ನಿಂತಿದೆ ಎಂದು ಮೂರು ಕಡೆ ಕೇಳಿ: ರೇಡಿಯೊ ಹಿಡಿಯಿತೇ, ಸಂದೇಶದ ಡಿಜಿಟಲ್ ಸಹಿ ಒಪ್ಪಿತೇ, ಅಪ್ಲಿಕೇಷನ್ ಓದಿತೇ. ಕಾರಿನ ಗಡಿಯಾರ ತಪ್ಪಿದ್ದರೆ, ಇಲ್ಲವೇ ಕಂಬದ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ, ರೇಡಿಯೊ ಎಲ್ಲವನ್ನೂ ಹಿಡಿದು ಸಹಿಯ ಹಂತ ಎಲ್ಲವನ್ನೂ ಎಸೆಯುತ್ತದೆ. ಆಗ ಆಂಟೆನಾ ಬದಲಿಸಿ ಸುಖವಿಲ್ಲ.

ಭಾರತದಲ್ಲಿ ಪರೀಕ್ಷಿಸುವವರಿಗೆ ಎರಡು ವಿಷಯ. 2018ರಲ್ಲಿ ಪರವಾನಗಿಯಿಂದ ಬಿಡುಗಡೆಯಾದ 5 ಗಿಗಾಹರ್ಟ್ಸ್ ಪಟ್ಟಿ 5875 ಮೆಗಾಹರ್ಟ್ಸ್‌ಗೆ ನಿಲ್ಲುತ್ತದೆ. ಅದರಾಚೆ ಪ್ರಸಾರ ಮಾಡುವ ಮುನ್ನ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಸದ್ಯದ ನಿಯಮ ನೋಡಿಕೊಳ್ಳಿ. ಫಾಸ್ಟ್ಯಾಗ್ ಓದುವ ಕಂಬಕ್ಕೂ ಇದಕ್ಕೂ ನಂಟಿಲ್ಲ, ಅದು 865–867 ಮೆಗಾಹರ್ಟ್ಸ್‌ನ ಆರ್‌ಎಫ್‌ಐಡಿ.

ಎರಡನೆಯದು ಗಡಿಯಾರದ್ದು. ಸ್ಪ್ಯಾಟ್‌ನಲ್ಲಿ ದೀಪ ಬದಲಾಗುವ ಹೊತ್ತನ್ನು ಯುಟಿಸಿ (ಜಾಗತಿಕ ಸಮಯ) ಗಂಟೆ ಶುರುವಾದಾಗಿನಿಂದ ಸೆಕೆಂಡಿನ ಹತ್ತನೇ ಭಾಗಗಳಲ್ಲಿ ಬರೆಯುತ್ತಾರೆ. ಯುಟಿಸಿಗಿಂತ ಪೂರ್ತಿ ಗಂಟೆಗಳಷ್ಟೇ ಹಿಂದೆ ಮುಂದೆ ಇರುವ ದೇಶಗಳಲ್ಲಿ ಸಿಗ್ನಲ್ ನಿಯಂತ್ರಕ ಸ್ಥಳೀಯ ಸಮಯದಲ್ಲಿ ಓಡಿದರೂ ಈ ಅಂಕಿ ಸರಿಯಾಗಿಯೇ ಬಂದು, ತಪ್ಪು ಅಡಗಿಕೊಂಡಿರುತ್ತದೆ. ನಮ್ಮದು ಐದೂವರೆ ಗಂಟೆ ಮುಂದೆ. ಅದೇ ಸಾಫ್ಟ್‌ವೇರ್ ಇಲ್ಲಿ ಅರ್ಧ ಗಂಟೆ, ಅಂದರೆ 18000 ಹತ್ತನೇ ಭಾಗ, ತಪ್ಪುತ್ತದೆ. ಪರದೆಯ ಮೇಲೆ ಕೆಂಪು ದೀಪಕ್ಕೆ ಇನ್ನೂ 1812 ಸೆಕೆಂಡು ಎಂದು ಕಂಡರೆ ನಿಯಂತ್ರಕವನ್ನು ಯುಟಿಸಿಗೆ ತಿರುಗಿಸಿ. 18 ಸೆಕೆಂಡಷ್ಟೇ ವ್ಯತ್ಯಾಸ ಕಂಡರೆ, ಯಾರೋ ಜಿಪಿಎಸ್ ಸಮಯವನ್ನು ಲೀಪ್ ಸೆಕೆಂಡು (ಯುಟಿಸಿಗೆ ಆಗಾಗ ಸೇರಿಸಿದ ಹೆಚ್ಚುವರಿ ಸೆಕೆಂಡು) ಕಳೆಯದೆ ಹಾಗೇ ಬಳಸಿದ್ದಾರೆ.