ಹೊಸ ಬ್ಯಾಟರಿ ಹಾಕಿದ್ರೂ ಸೆಲ್ಫ್ ಟಕ್ ಅಂತ ನಿಲ್ಲೋದ್ಯಾಕೆ?

ಹಳೇ ಮಾರುತಿ 800 ಇರೋ ಮನೆಯವರಿಗೆಲ್ಲ ಸೆಲ್ಫಿನ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಮೋಟರಿನ) ಈ ಸದ್ದು ಗೊತ್ತು. ಕೀ ತಿರುಗಿಸಿದ್ರೆ ಟಕ್ ಅನ್ನುತ್ತೆ, ಇಂಜಿನ್ ಅಲ್ಲಾಡಲ್ಲ. ಪಕ್ಕದಲ್ಲಿ ನಿಂತೋರು ತಕ್ಷಣ ಹೇಳೋದು "ಬ್ಯಾಟರಿ ಹೋಗಿದೆ, ಚೇಂಜ್ ಮಾಡ್ಸಿ". ಮಾಡಿಸ್ತೀರ, ಸ್ವಲ್ಪ ದಿನ ಸರಿ ಇರುತ್ತೆ, ಆಮೇಲೆ ಮತ್ತದೇ ಟಕ್. ಎಷ್ಟೋ ಸಲ ಗಾಡಿ ಸರಿಹೋಗಿರೋದು ಹೊಸ ಬ್ಯಾಟರಿಯಿಂದಲ್ಲ, ಅದನ್ನ ಹಾಕುವಾಗ ಟರ್ಮಿನಲ್ ಬಿಚ್ಚಿ ಉಜ್ಜಿ ಟೈಟ್ ಮಾಡಿದ್ರಲ್ಲ, ಅದರಿಂದ!

ಇದರ ಹಿಂದೆ ಇರೋದು ಬರೀ ಓಮ್ ನಿಯಮ, ಅಂದ್ರೆ ಕರೆಂಟನ್ನ ದಾರಿಯ ಅಡ್ಡಿಯಿಂದ (ಓಮ್) ಗುಣಿಸಿದ್ರೆ ಅಲ್ಲಿ ಖರ್ಚಾಗೋ ವೋಲ್ಟೇಜ್. ನಿಂತಿರೋ ಮೋಟರ್ ಎಳೆಯೋವಷ್ಟು ಕರೆಂಟ್ ತಿರುಗೋ ಮೋಟರ್ ಎಳೆಯಲ್ಲ, ಯಾಕಂದ್ರೆ ತಿರುಗಿದ ಮೇಲೆ ಅದೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತೆ. 1912ರ ಕ್ಯಾಡಿಲಾಕ್ ಕಾರಿಗೆ ಅಮೆರಿಕದ ಇಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಮಾಡಿಕೊಟ್ಟಾಗ್ಲೂ ಲೆಕ್ಕ ಇದೇ, ಕೆಲವೇ ಸೆಕೆಂಡ್ ಓಡೋ ಮೋಟರ್ ಅಲ್ವಾ, ಚಿಕ್ಕದರ ಕೈಲೇ ಜಾಸ್ತಿ ಕರೆಂಟ್ ಕೊಟ್ಟು ದುಡಿಸ್ಬೋದು ಅಂತ. ಸಣ್ಣ ಪೆಟ್ರೋಲ್ ಇಂಜಿನ್‌ಗೂ 100 ಆಂಪ್ ಆಸುಪಾಸು ಬೇಕು. ದಾರೀಲಿ ಎಲ್ಲೋ ಒಂದು ಜಾಯಿಂಟ್ ತುಕ್ಕು ಹಿಡಿದು 0.05 ಓಮ್ ಅಡ್ಡ ಬಂತು ಅಂದ್ಕೊಳ್ಳಿ, ಅಷ್ಟು ಕರೆಂಟ್ ಹರೀಬೇಕಂದ್ರೆ ಅಲ್ಲೇ 5 ವೋಲ್ಟ್ ಖರ್ಚು, ಮೋಟರ್‌ಗೆ ಉಳಿಯೋದೇನು? ಅದೇ ಜಾಯಿಂಟಲ್ಲಿ 10 ಆಂಪ್ ಹೋದ್ರೆ ಕಳೆದುಹೋಗೋದು ಬರೀ ಅರ್ಧ ವೋಲ್ಟ್. ಅದಕ್ಕೇ "ಲೈಟು ಚೆನ್ನಾಗ್ ಉರೀತಿದೆ, ಹಾರನ್ ಹೊಡೀತಿದೆ" ಅನ್ನೋದರಿಂದ ಏನೂ ಸಾಬೀತಾಗಲ್ಲ.

ಮಲ್ಟಿಮೀಟರ್‌ನ ಓಮ್‌ಗೆ ಇಟ್ಟು ವೈರ್ ಚೆಕ್ ಮಾಡಿದ್ರೂ ಅಷ್ಟೇ, ಒಳಗೆ ಒಂದೇ ಎಳೆ ಉಳಿದಿದ್ರೂ ಬೀಪ್ ಅನ್ನುತ್ತೆ. ಮೀಟರ್‌ನ DC ವೋಲ್ಟ್‌ಗೆ ಇಟ್ಟು, ಕರೆಂಟ್ ಹರೀತಿರುವಾಗ್ಲೇ ಅಳೀಬೇಕು. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತಿರುಗಿಸೋಕೆ ಇನ್ನೊಬ್ಬರು ಇರ್ಲಿ. ಸುಮ್ನೆ ನಿಂತಾಗ ಫುಲ್ ಚಾರ್ಜ್ ಬ್ಯಾಟರಿ 12.6 ವೋಲ್ಟ್ ತೋರಿಸುತ್ತೆ, 12.2 ಅಂದ್ರೆ ಅರ್ಧ ಖಾಲಿ. ಸೆಲ್ಫ್ ಹೊಡೀತಿರುವಾಗ 9.6ಕ್ಕಿಂತ ಕೆಳಗಿಳಿದ್ರೆ ಮೊದ್ಲು ಚಾರ್ಜ್ ಮಾಡಿಸಿ, ಆಮೇಲೂ ಹಂಗೇ ಇದ್ರೆ ಬ್ಯಾಟರೀನ ಬೈಬೋದು. ಇಳೀಲಿಲ್ವಾ? ಮೀಟರ್‌ನ ಒಂದು ಪ್ರೋಬ್ (ಅಳೆಯೋ ಕಡ್ಡಿ) ಬ್ಯಾಟರಿ ಪ್ಲಸ್‌ನ ಸೀಸದ ಗೂಟದ ಮೇಲೇ ಒತ್ತಿ (ಕ್ಲಾಂಪ್ ಮೇಲಲ್ಲ, ಗೂಟಕ್ಕೂ ಕ್ಲಾಂಪಿಗೂ ಮಧ್ಯೆನೇ ಕಳ್ಳ ಕೂತಿರ್ತಾನೆ), ಇನ್ನೊಂದನ್ನ ಮೋಟರ್ ಮೇಲಿನ ದಪ್ಪ ವೈರ್ ಬೋಲ್ಟಿಗೆ ಇಟ್ಟು ಕೀ ತಿರುಗಿಸಿ. ಅರ್ಧ ವೋಲ್ಟ್ ದಾಟಿದ್ರೆ ಆ ದಾರೀಲೇ ತಪ್ಪಿದೆ, ಒಂದೊಂದೇ ಜಾಯಿಂಟ್ ಅಳೀತಾ ಹೋದ್ರೆ ಸಿಕ್ಕಿಬೀಳುತ್ತೆ.

ಮೈನಸ್ ಗೂಟದಿಂದ ಸೆಲ್ಫ್ ಮೋಟರ್ ಬಾಡಿಗೂ ಹೀಗೇ, ಅಲ್ಲಿ 0.2 ಆಸುಪಾಸು ಇದ್ರೆ ಸಾಕು. ಹಳೇ ಗಾಡೀಲಿ ನಾನಂತೂ ಶುರು ಮಾಡೋದೇ ಇಲ್ಲಿಂದ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರೋದ್ರಿಂದ ಅದಕ್ಕೂ ಬಾಡಿಗೂ ಬೇರೆ ಅರ್ಥ್ ವೈರ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ದಾರಿ) ಬೇಕು, ಟಿಂಕರಿಂಗ್ ಪೇಂಟಿಂಗ್ ಆದ್ಮೇಲೆ ಅದನ್ನ ಪೇಂಟ್ ಮೇಲೇ ಬೋಲ್ಟ್ ಹಾಕಿ ಬಿಟ್ಟಿರ್ತಾರೆ. ಆಗ ಕರೆಂಟ್ ಸುಮ್ನಿರಲ್ಲ, ಕ್ಲಚ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ ಹಿಡ್ಕೊಂಡು ವಾಪಸ್ ಬರೋಕೆ ನೋಡುತ್ತೆ, ಕೇಬಲ್ ಬಿಸಿಯಾಗಿ ಮೇಲಿನ ಪ್ಲಾಸ್ಟಿಕ್ ಕರಗಿರೋದೂ ಉಂಟು. ಅಂದಹಾಗೆ ಬಿಚ್ಚುವಾಗ ಮೊದ್ಲು ಬ್ಯಾಟರಿ ಮೈನಸ್ ಬಿಚ್ಚಿ, ಇಲ್ಲಾಂದ್ರೆ ಪ್ಲಸ್ ಮೇಲಿರೋ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುತ್ತೆ.

ಸದ್ದಿಗೂ ಅರ್ಥ ಇದೆ. ಟಕಟಕಟಕ ಅಂತ ಬಡಿದ್ರೆ ಸೊಲೆನಾಯ್ಡ್ (ಮೋಟರ್‌ಗೆ ದಪ್ಪ ವೈರಿನ ಕರೆಂಟ್ ಬಿಡೋ ಮ್ಯಾಗ್ನೆಟ್ ಸ್ವಿಚ್) ಎಳ್ಕೊಳ್ತಿದೆ, ಮೋಟರ್‌ಗೆ ಕರೆಂಟ್ ಹೋದ ತಕ್ಷಣ ವೋಲ್ಟೇಜ್ ಕುಸಿದು ಬಿಟ್ಬಿಡ್ತಿದೆ, ಮತ್ತೆ ಎಳ್ಕೊಳ್ತಿದೆ. ಬ್ಯಾಟರಿ ಡೌನ್ ಆಗಿರ್ಬೇಕು ಇಲ್ಲ ಟರ್ಮಿನಲ್ ಲೂಸ್. ಒಂದೇ ಟಕ್, ಹೆಡ್‌ಲೈಟೂ ಮಂಕಾಗ್ಲಿಲ್ಲ ಅಂದ್ರೆ ಮೋಟರ್‌ಗೆ ಕರೆಂಟ್ ಸರಿಯಾಗಿ ಹೋಗ್ತಾನೇ ಇಲ್ಲ. ಆಗ ಮೋಟರ್‌ಗೆ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿದಾಗ ಸ್ಟಾರ್ಟ್ ಆದ್ರೆ ಕಾರ್ಬನ್ ಬ್ರಷ್ (ಮೋಟರ್‌ನ ತಿರುಗೋ ಭಾಗಕ್ಕೆ ಕರೆಂಟ್ ದಾಟಿಸೋ ತುಂಡು) ಸವೆದಿರೋ ಸಾಧ್ಯತೆ ಜಾಸ್ತಿ, ಇಡೀ ಮೋಟರ್ ಬದಲಾಯಿಸೋ ಮುಂಚೆ ಆಟೋ ಎಲೆಕ್ಟ್ರಿಷಿಯನ್ ಹತ್ರ ಬಿಚ್ಚಿಸಿ ನೋಡಿ.

ಟಕ್ಕೂ ಇಲ್ಲ ಅಂದ್ರೆ ಸೊಲೆನಾಯ್ಡ್‌ಗೆ ಹೋಗೋ ಸಣ್ಣ ವೈರ್‌ನಲ್ಲಿ, ಕೀ ಸ್ಟಾರ್ಟ್‌ಗೆ ತಿರುಗಿಸಿದಾಗ, ವೋಲ್ಟೇಜ್ ಬರ್ತಿದ್ಯಾ ಅಂತ ಅಳೆದ್ರಾಯ್ತು. ಬರದಿದ್ರೆ ಇಗ್ನಿಷನ್ ಸ್ವಿಚ್ ನೋಡಿ, ಅದರೊಳಗಿನ ಕಾಂಟ್ಯಾಕ್ಟ್ ಸುಟ್ಟಿರ್ಬೋದು. ಸ್ವಿಚ್ ಬದಲಾಯಿಸಿದ ಮೇಲೆ ಮಧ್ಯದಲ್ಲಿ ಒಂದು ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) ಹಾಕಿಸಿದ್ರೆ ಸೊಲೆನಾಯ್ಡ್ ಕರೆಂಟಿನ ಭಾರ ರಿಲೇ ಮೇಲೆ ಬೀಳುತ್ತೆ, ಹೊಸ ಸ್ವಿಚ್ ಬಾಳಿಕೆ ಬರುತ್ತೆ.